ಮಕ್ಕಳನ್ನು ಮೈದಾನಕ್ಕೆ ಕರೆದದ್ದು ಯಾವುದು?

ಪುತ್ತೂರು, ಸುಳ್ಯ, ಕಡಬದ ಕಡೆ ಹಿರಿಯರು ಈಗಲೂ ದೈಹಿಕ ಶಿಕ್ಷಕರನ್ನು 'ಡ್ರಿಲ್ ಮಾಸ್ಟ್ರು' ಎನ್ನುವುದುಂಟು. ಆ ಹೆಸರಿನಲ್ಲೇ ಒಂದು ಚರಿತ್ರೆಯಿದೆ.

1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಅಂದಿನ ಶಾಲೆಗಳಲ್ಲಿ ಅಂಗಸಾಧನೆಯೆಂದರೆ ಬಹುಮಟ್ಟಿಗೆ ಕವಾಯತು. ಶಿಳ್ಳೆಗೆ ಸರಿಯಾಗಿ ಕೈಕಾಲು ಎತ್ತಿದರೆ ಆಯಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದ ಮೇಲೆ ತರಬೇತಾದ ಶಿಕ್ಷಕರು ಬಂದರು. ಕವಾಯತಿನ ಪಕ್ಕದಲ್ಲಿ ಆಟಕ್ಕೂ ಜಾಗ ಸಿಕ್ಕಿತು.

ಇತ್ತ ಪುತ್ತೂರಿನಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಪರ್ಲಡ್ಕದ ಬಾಲವನದಲ್ಲಿ ಬೇರೆಯೇ ಪ್ರಯೋಗಕ್ಕಿಳಿದರು. ಆಟ, ಹಾಡು, ಕುಣಿತಗಳ ಮೂಲಕವೇ ಮಕ್ಕಳು ಕಲಿಯಬೇಕೆಂಬುದು ಅವರ ನಿಲುವು. ಹೆದರಿಕೆಯಿಂದ ಎದ್ದ ಕೈಗೂ ಖುಷಿಯಿಂದ ಎದ್ದ ಕೈಗೂ ಇರುವ ವ್ಯತ್ಯಾಸ ನಮ್ಮೂರಿಗೆ ಆಗಲೇ ಗೊತ್ತಾಗಿತ್ತು.

ಹೈಸ್ಕೂಲಿನ ಮಕ್ಕಳನ್ನು ಗೆದ್ದದ್ದು ಕಬಡ್ಡಿ. ಅದಕ್ಕೆ ಖರ್ಚಿಲ್ಲ, ಗುಡ್ಡ ಕಡಿದು ಮಾಡಿದ ಮೈದಾನದಲ್ಲಿ ಗೆರೆ ಎಳೆದರೆ ಸಾಕು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಕಬಡ್ಡಿ, 2010ರಲ್ಲಿ ಗುವಾಂಗ್‌ಝೌನಲ್ಲಿ ಮಹಿಳೆಯರ ಕಬಡ್ಡಿ ಸೇರಿತು. ಎರಡರಲ್ಲೂ ಚಿನ್ನ ಭಾರತದ್ದೇ. 2012ರಲ್ಲಿ ಪಟ್ನಾದಲ್ಲಿ ವಿಶ್ವಕಪ್ ಗೆದ್ದ ಮಹಿಳಾ ತಂಡದ ನಾಯಕಿ ನೆರೆಯ ಕಾರ್ಕಳದ ಮಮತಾ ಪೂಜಾರಿ. ಗದ್ದೆಯ ಆಟ ಬದುಕಿನ ದಾರಿಯೂ ಆದೀತು ಎಂದು ನಮ್ಮ ಹುಡುಗಿಯರಿಗೆ ಅನ್ನಿಸಿದ್ದು ಇಂಥವರಿಂದ.

ಆದರೆ ಅಂಕಣದಲ್ಲಿ ಆಡುವವರು ಏಳೇ ಮಂದಿ. ತರಗತಿಯ ಉಳಿದವರ ಗತಿಯೇನು? ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವಂತೆ, ಒಳಗಿನಿಂದ ಹುಮ್ಮಸ್ಸು ಹುಟ್ಟಲು ಮೂರು ಬೇಕು: ಆಯ್ಕೆಯ ಸ್ವಾತಂತ್ರ್ಯ, 'ನನ್ನಿಂದಾಗುತ್ತದೆ' ಎಂಬ ಧೈರ್ಯ, 'ನಾನೂ ಇವರಲ್ಲೊಬ್ಬ' ಎಂಬ ಭಾವ. ತಂಡ ಆರಿಸುವಾಗ ಯಾವಾಗಲೂ ಕೊನೆಗೆ ಉಳಿಯುವ ಮಗುವಿಗೆ ಈ ಮೂರೂ ಸಿಗುವುದಿಲ್ಲ. ಬಟ್ಟೆ ಬದಲಿಸಲು ಮರೆಯಿಲ್ಲದೆ ಜಗಲಿಯಲ್ಲಿ ಕೂರುವ ಹುಡುಗಿಯನ್ನು 'ಆಸಕ್ತಿಯಿಲ್ಲ' ಎನ್ನುವುದೂ ಸರಿಯಲ್ಲ. ಮಳೆಗಾಲದ ನಾಲ್ಕು ತಿಂಗಳು ಮೈದಾನವೇ ಇಲ್ಲ. ಬಿಸಿಲು ಬಂದಾಗ ಎಸ್‌ಎಸ್‌ಎಲ್‌ಸಿಯ ಗಣಿತ ಆ ಪಿರಿಯಡನ್ನು ನುಂಗಿದರೆ ವರ್ಷವೇ ಹೋಯಿತು.

ಸುವರ್ಣ ಮಹೋತ್ಸವದಲ್ಲಿ ಶಾಲೆಗೆ ಶೀಲ್ಡ್ ಕೊಡಲು ಹಳೆ ವಿದ್ಯಾರ್ಥಿಗಳು ಮುಂದೆ ಬರುತ್ತಾರೆ, ಸಂತೋಷ. ಜೊತೆಗೆ ನಾಲ್ಕು ಚೆಂಡು, ಮಳೆಗಾಲಕ್ಕೆ ಎರಡು ಕೇರಂ ಬೋರ್ಡು, ಹೆಣ್ಣುಮಕ್ಕಳಿಗೊಂದು ಕೋಣೆ ಒದಗಿಸೋಣ. ಶೀಲ್ಡು ಗೆದ್ದವರಿಗೆ ಸಲ್ಲುತ್ತದೆ. ಇವು ಎಲ್ಲರಿಗೂ ಸಲ್ಲುತ್ತವೆ.