ಮುರಿದ ಮಣಿಕಟ್ಟಿನ ಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

ರಾಮದುರ್ಗ ತಾಲ್ಲೂಕಿನ ಸುರೇಬಾನ ನೇಕಾರರ ಊರು. ಮಗ್ಗವನ್ನೇ ನಂಬಿದವನು ಜಾರಿ ಬಿದ್ದು ಅಂಗೈ ಊರಿದನೆಂದರೆ, ಮುಂದೋಳಿನ ಹೆಬ್ಬೆರಳ ಕಡೆಯ ಎಲುಬು, ಎಂದರೆ ರೇಡಿಯಸ್, ಮಣಿಕಟ್ಟಿನ ಬಳಿ ಮುರಿಯುವುದುಂಟು. ಅದನ್ನು ಕೂಡಿಸುವ ಕ್ರಮಗಳಲ್ಲಿ ಯಾವುದು ಮೇಲೆಂಬುದು ಕೇವಲ ವೈದ್ಯರ ಪ್ರಶ್ನೆಯೆಂದು ತೋರಬಹುದು. ಆದರೆ ಅದಕ್ಕೊಂದು ಚರಿತ್ರೆಯಿದೆ. ಅದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅಸ್ಥಿಭಂಗಕ್ಕೆ ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳನ್ನು ವಿಧಿಸಿದೆ. ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಬದಲಿಸಬೇಕೆಂಬ ಸೂಕ್ಷ್ಮವೂ ಅಲ್ಲಿದೆ. ನಮ್ಮ ಕಡೆ ಗರಡಿಯ ಪೈಲವಾನರು ಎಲುಬು ಕೂಡಿಸಿ ಕಟ್ಟು ಕಟ್ಟುತ್ತ ಬಂದುದೂ ಈ ದಬ್ಬೆಯ ಮಾರ್ಗವೇ.

ಯುರೋಪಿನಲ್ಲಿ ಈ ಪೆಟ್ಟನ್ನು ಬಹುಕಾಲ ಕೀಲು ತಪ್ಪಿದುದೆಂದೇ ಭಾವಿಸಿದ್ದರು. ಫ್ರಾನ್ಸಿನ ಪೂತೋ ಎಂಬವನ ಬರಹ 1783ರಲ್ಲಿ ಪ್ರಕಟವಾದರೂ ಹೆಚ್ಚು ಪ್ರಚಾರ ಪಡೆಯಲಿಲ್ಲ. 1814ರಲ್ಲಿ ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಇದು ಎಲುಬಿನ ಮುರಿತವೆಂದು ವಿವರಿಸಿದನು. ಕ್ಷ-ಕಿರಣ ತಿಳಿದುದು 1895ರಲ್ಲಿ. ಆತನಿಗಿದ್ದುದು ಬೆರಳುಗಳ ಸ್ಪರ್ಶಜ್ಞಾನ ಮಾತ್ರ. ವಿಕಾರ ಉಳಿದರೂ ಕೈ ಕಾಲಕ್ರಮದಲ್ಲಿ ನೋವಿಲ್ಲದೆ ಆಡುವುದೆಂದು ಆತನು ಅಭಿಪ್ರಾಯಪಟ್ಟನು. ಮುಂದಿನ ಚರ್ಚೆಯ ಬೀಜ ಇಲ್ಲಿಯೇ ಇದೆಯೆಂದು ನಮ್ಮ ಎಣಿಕೆ: ಗುಣವಾಯಿತೆಂದು ಹೇಳಬೇಕಾದುದು ಎಲುಬಿನ ಆಕಾರವನ್ನು ನೋಡಿಯೋ, ಕೈಯ ಕೆಲಸವನ್ನು ನೋಡಿಯೋ?

1852ರಲ್ಲಿ ಮಥಿಸೆನ್ ಎಂಬ ಡಚ್ ಸೈನ್ಯವೈದ್ಯನು ಪ್ಲಾಸ್ಟರ್ ಪಟ್ಟಿಯನ್ನು ಪ್ರಕಟಿಸಿದನು. 1909ರಲ್ಲಿ ಕಿರ್ಷ್ನರ್ ಬಳಕೆಗೆ ತಂದ ಸಣ್ಣ ಉಕ್ಕಿನ ತಂತಿಯನ್ನು ಮುಂದೆ ಚರ್ಮದ ಮೂಲಕವೇ ಚುಚ್ಚಿ ಮುರಿದ ತುಂಡನ್ನು ನಿಲ್ಲಿಸಲು ಬಳಸಿದರು. 2000ದ ಸುಮಾರಿಗೆ ಅಮೆರಿಕದ ಓರ್ಬೆ ಮೊದಲಾದವರು ಅಂಗೈ ಬದಿಯಿಂದ ಕೂಡಿಸುವ ಲೋಹಪಟ್ಟಿಯನ್ನು ಪ್ರಚಾರಕ್ಕೆ ತಂದರು. ಇದರ ತಿರುಪುಮೊಳೆಯ ತಲೆ ಪಟ್ಟಿಯಲ್ಲಿಯೇ ಬಿಗಿದುಕೊಳ್ಳುವುದರಿಂದ ಮುದುಕರ ಟೊಳ್ಳೆಲುಬಿನಲ್ಲಿಯೂ ಹಿಡಿತ ಸಡಿಲವಾಗದು. ಕ್ಷ-ಕಿರಣದ ಚಿತ್ರ ಬಹು ಅಂದವಾಗಿ ಬರುತ್ತಿತ್ತು. ಪಟ್ಟಿಯ ಬಳಕೆ ವೇಗವಾಗಿ ಹಬ್ಬಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಪರೀಕ್ಷೆಯ ಫಲ ಬೇರೆಯಾಯಿತು. ಬ್ರಿಟನ್ನಿನ 18 ಆಸ್ಪತ್ರೆಗಳಲ್ಲಿ 461 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತಂತಿ, ಇನ್ನೊಂದಕ್ಕೆ ಪಟ್ಟಿ ಹಾಕಿದರು. ವರ್ಷದ ನಂತರ ನೋವಿನಲ್ಲಾಗಲಿ ಕೈಯ ಬಳಕೆಯಲ್ಲಾಗಲಿ ಗಣನೀಯ ಅಂತರ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ 500 ಜನರ ಮೇಲೆ ತಂತಿಯನ್ನೂ ಬರಿಯ ಪ್ಲಾಸ್ಟರನ್ನೂ ಹೋಲಿಸಿದಾಗ ಅಲ್ಲಿಯೂ ವರ್ಷದ ಕೊನೆಗೆ ಫಲ ಸಮವಾಗಿಯೇ ಇತ್ತು. ಕಾಲಿಸನ ಮಾತಿಗೆ ಎರಡು ಶತಮಾನಗಳ ಬಳಿಕ ಬಹುಮಟ್ಟಿಗೆ ಬೆಂಬಲ ದೊರೆಯಿತೆನ್ನಬಹುದು.

ಎರಡು ಎಚ್ಚರಿಕೆಗಳು ಅವಶ್ಯ. ಈ ಪರೀಕ್ಷೆಗಳು ಕೊಯ್ಯದೆಯೇ ಎಳೆದು ಸರಿಪಡಿಸಬಹುದಾದ ಮುರಿತಗಳಿಗೆ ಸಂಬಂಧಿಸಿದವು. ಕೀಲಿನ ಮುಖವೇ ಒಡೆದು ಚೂರಾಗಿದ್ದರೆ ಪಟ್ಟಿಯನ್ನು ಅಲ್ಲಗಳೆಯಲಾಗದು. ಎರಡನೆಯದಾಗಿ, ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಸುಮಾರು ಎಂಟರಲ್ಲೊಬ್ಬರಿಗೆ ಮೊದಲ ಆರು ವಾರಗಳಲ್ಲಿ ಎಲುಬು ಮತ್ತೆ ಸರಿದು ಶಸ್ತ್ರಕ್ರಿಯೆ ಬೇಕಾಯಿತು. ಅದನ್ನು ಸಕಾಲದಲ್ಲಿ ಕಂಡುಹಿಡಿಯಲು ರೋಗಿ ಮತ್ತೆ ಮತ್ತೆ ಚಿತ್ರ ತೆಗೆಸಬೇಕು. ಸುರೇಬಾನದಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿಬರುವ ನೇಕಾರನಿಗೆ ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಬ್ರಿಟನ್ನಿನ ಲೆಕ್ಕದಲ್ಲಿ ಈ ಕೂಲಿ ಸೇರಿಲ್ಲ.