ಕವಚ ಹೊತ್ತ ದೈತ್ಯನ ನೆಂಟರು

1832ರ ಸೆಪ್ಟೆಂಬರ್. ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ಬಳಿಯ ಪುಂಟಾ ಆಲ್ಟಾ ಕಡಲಂಚಿನಲ್ಲಿ 23 ವರ್ಷದ ಚಾರ್ಲ್ಸ್ ಡಾರ್ವಿನ್ ಹಳೆಯ ಎಲುಬುಗಳನ್ನು ಅಗೆದು ತೆಗೆಯುತ್ತಿದ್ದ. ಜೊತೆಗೆ, ಎಲುಬಿನ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದಂಥ ಕವಚದ ತುಂಡುಗಳೂ ಸಿಕ್ಕವು. ಅಂಥದೇ ಕವಚ ಹೊತ್ತ ಪುಟ್ಟ ಆರ್ಮಡಿಲೊಗಳು ಆ ಬಯಲಲ್ಲಿ ಓಡಾಡುತ್ತಿದ್ದವು. ಅವನ ಊಟದಲ್ಲೂ ಅವೇ ಇದ್ದವು. ಅಳಿದ ದೈತ್ಯರೂ ಬದುಕಿರುವ ಕುಳ್ಳರೂ ಒಂದೇ ನೆಲದಲ್ಲಿ ಹೀಗೆ ಹೋಲುವುದೇಕೆ? ಜೀವಿಗಳು ಬದಲಾಗುತ್ತ ಬಂದಿವೆ ಎಂಬ ಅವನ ವಿಚಾರಕ್ಕೆ ಈ ಪ್ರಶ್ನೆಯೂ ಒಂದು ಬೇರು.

ಆದರೆ ಹೋಲಿಕೆಯನ್ನೇ ನಂಬಿದರೆ ಮೋಸಹೋಗುವುದೂ ಉಂಟು. ನಮ್ಮ ಚಿಪ್ಪುಹಂದಿಯನ್ನೇ ನೋಡಿ. ಆರ್ಮಡಿಲೊದ ಅಣ್ಣನಂತೆ ಕಾಣುತ್ತದೆ. ಆದರೆ ಅದರ ಚಿಪ್ಪು ನಮ್ಮ ಉಗುರಿನಂಥ ವಸ್ತುವಿನದು. ಆರ್ಮಡಿಲೊದ ಕವಚ ಚರ್ಮದೊಳಗೇ ಬೆಳೆದ ಎಲುಬಿನದು. ವಂಶದಲ್ಲಿ ಎರಡೂ ಬಲು ದೂರ.

1839ರಲ್ಲಿ ರಿಚರ್ಡ್ ಓವೆನ್ ಆ ದೈತ್ಯರಲ್ಲಿ ಒಂದಕ್ಕೆ ಗ್ಲಿಪ್ಟೊಡಾನ್, ಅಂದರೆ 'ಕೆತ್ತಿದ ಹಲ್ಲು', ಎಂದು ಹೆಸರಿಟ್ಟ. ಆರ್ಮಡಿಲೊಗಳಿಗೂ ಇದಕ್ಕೂ ನೆಂಟಸ್ತಿಕೆ ಇದೆ ಎಂಬುದು ಆಗಲೇ ತಿಳಿದಿತ್ತು. ಎಷ್ಟು ಹತ್ತಿರದ ನೆಂಟ ಎಂಬುದು ಮಾತ್ರ ಬಗೆಹರಿಯಲಿಲ್ಲ. ಆರ್ಮಡಿಲೊದ ಬೆನ್ನಿನ ಪಟ್ಟಿಗಳು ಮಡಚುತ್ತವೆ. ಗ್ಲಿಪ್ಟೊಡಾನ್‌ನ ಕವಚವೋ ಬೋರಲು ಹಾಕಿದ ಕಡಾಯಿಯಂತೆ ಗಟ್ಟಿ. ಮುಖವೂ ಮೋಟು. ಹಾಗಾಗಿ ಅದನ್ನು ಬೇರೆಯದೇ ಕುಟುಂಬ ಎಂದು ವಿಂಗಡಿಸುವುದು ವಾಡಿಕೆಯಾಯಿತು.

2016ರಲ್ಲಿ ಉತ್ತರ ಸಿಕ್ಕಿತು. ಫ್ರೆಡೆರಿಕ್ ಡೆಲ್ಸುಕ್, ಹೆಂಡ್ರಿಕ್ ಪೊಯ್ನರ್ ಮತ್ತು ಸಂಗಡಿಗರು ಡೋಡಿಕ್ಯುರಸ್ ಎಂಬ ದೈತ್ಯನ, ಸುಮಾರು 12,000 ವರ್ಷ ಹಳೆಯ ಕವಚದ ಚೂರಿನಿಂದ ಡಿಎನ್ಎ ಹೊರತೆಗೆದರು. ಟನ್ನಿಗೂ ಮಿಕ್ಕಿ ತೂಗುತ್ತಿದ್ದ, ಬಾಲದ ತುದಿಯಲ್ಲಿ ಗದೆಯಿದ್ದ ಪ್ರಾಣಿಯದು. ಹಳೆಯ ಡಿಎನ್ಎ ನುಚ್ಚುನೂರಾಗಿರುತ್ತದೆ. ಆದ್ದರಿಂದ ಬದುಕಿರುವ ಬಂಧುಗಳ ಡಿಎನ್ಎ ಹೋಲಿಸಿ, ಅವುಗಳ ಪೂರ್ವಜರದು ಹೇಗಿದ್ದಿರಬಹುದೆಂದು ಲೆಕ್ಕಹಾಕಿ, ಅದನ್ನೇ ಗಾಳವಾಗಿ ಬಳಸಿ ಚೂರುಗಳನ್ನು ಹಿಡಿದರು.

ದೈತ್ಯನ ಜಾಗ ಆರ್ಮಡಿಲೊಗಳ ಪಕ್ಕದಲ್ಲಲ್ಲ, ಅವುಗಳ ನಡುವೆಯೇ ಇತ್ತು. ಅದರ ಕವಲು ಒಡೆದದ್ದು ಸುಮಾರು 3.5 ಕೋಟಿ ವರ್ಷಗಳ ಹಿಂದೆ. ಅಂಗೈಯಲ್ಲಿ ಹಿಡಿಯುವ ಗುಲಾಬಿ ಆರ್ಮಡಿಲೊಗೆ, ಅಮೆರಿಕದ ರಸ್ತೆಬದಿಯಲ್ಲಿ ಕಾಣುವ ಒಂಬತ್ತು ಪಟ್ಟಿಯ ಆರ್ಮಡಿಲೊಗಿಂತ ಈ ದೈತ್ಯನೇ ಹತ್ತಿರದ ನೆಂಟ!

ಡಾರ್ವಿನ್ ಕಂಡ ಹೋಲಿಕೆ ಸುಳ್ಳಾಗಲಿಲ್ಲ. ಕುಟುಂಬ ಬೇರೆ ಮಾಡಿದ್ದು ದೈತ್ಯನ ಗಾತ್ರ ಮತ್ತು ಗಡುಸು ಕವಚ ನೋಡಿ ನಾವು. ಆ ದೈತ್ಯರು ಅಳಿದು ಸಾವಿರಾರು ವರ್ಷವಾಯಿತು. ಅರ್ಜೆಂಟೀನಾದ ಮರಳು ನೆಲದಲ್ಲಿ ಅವುಗಳ ಗುಲಾಬಿ ನೆಂಟ ಇನ್ನೂ ಬಿಲ ತೋಡುತ್ತಿದೆ.