ಸ್ಲೇಟಿನ ಮೇಲಿನ ಮನೆ

ರಾಜಾಜಿನಗರದ ಶಾಲೆಯೊಂದರಲ್ಲಿ ಒಂದನೆಯ ತರಗತಿಗೆ ‘ನನ್ನ ಕುಟುಂಬ’ ಪಾಠ ಮಾಡುತ್ತಿದ್ದೆ. ಪುಸ್ತಕದ ಚಿತ್ರದಲ್ಲಿ ತಂದೆ, ತಾಯಿ, ಇಬ್ಬರು ಮಕ್ಕಳು. ಹುಡುಗನೊಬ್ಬ ಸ್ಲೇಟಿನಲ್ಲಿ ಅಜ್ಜಿ, ತಾಯಿ, ಸೋದರಮಾವನನ್ನು ಬಿಡಿಸಿದ. “ಅಪ್ಪನನ್ನೂ ಬರೆ” ಎಂದೆ. ಅವನು ಸ್ಲೇಟನ್ನೇ ಒರೆಸಿಬಿಟ್ಟ. ತಪ್ಪು ನನ್ನದು.

ಅವನ ಮನೆತನ ದಕ್ಷಿಣ ಕನ್ನಡದ್ದು. ಅಲ್ಲಿಯೂ ಕಾಸರಗೋಡಿನಲ್ಲಿಯೂ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ನಡೆದುಬಂದಿತ್ತು: ಮನೆತನ, ಆಸ್ತಿ ತಾಯಿಯ ಕಡೆಯಿಂದ, ಯಜಮಾನಿಕೆ ಬಹುಮಟ್ಟಿಗೆ ಸೋದರಮಾವನದು. ಮದರಾಸು ಸರಕಾರ 1949ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ ಆ ಕಟ್ಟು ಸಡಿಲವಾಯಿತು. ಅದೇ ವರ್ಷದ ಪಾಲಕತ್ವದ ಕಾಯಿದೆಯಾದರೋ ತಂದೆಯೇ ಸಹಜ ಪಾಲಕನೆಂದೂ, ತಾಯಿ ಅವನ ‘ನಂತರ’ವೆಂದೂ ಬರೆಯಿತು. (ಶಾಲೆಯ ಅರ್ಜಿಗಳೂ ಅದೇ ಭಾಷೆಯನ್ನಾಡುತ್ತಿದ್ದವು.) 1999ರಲ್ಲಿ ಗೀತಾ ಹರಿಹರನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ‘ನಂತರ’ವೆಂದರೆ ತಂದೆ ತೀರಿಕೊಂಡ ಮೇಲೆಂದಷ್ಟೇ ಅಲ್ಲ, ಆತ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪಾಲಕಿ ಎಂದು ಅರ್ಥೈಸಿತು.

ಮರುದಿನ ಇಡೀ ತರಗತಿಯನ್ನು ಕೇಳಿದೆ: “ಜ್ವರ ಬಂದರೆ ರಾತ್ರಿಯೆಲ್ಲ ನಿಮ್ಮ ಪಕ್ಕದಲ್ಲಿ ಕೂರುವವರು ಯಾರು?” ಒಬ್ಬಳು ಎದುರುಮನೆಯ ಅತ್ತೆ ಎಂದಳು. ಅವನು ಮಾತಾಡಲಿಲ್ಲ, ಸ್ಲೇಟು ತೆಗೆದು ಅಜ್ಜಿಯನ್ನು ಮತ್ತೆ ಬಿಡಿಸಿದ, ಈ ಸಲ ದೊಡ್ಡದಾಗಿ.